ಹಳ್ಳದ ಕಲ್ಲಿಗೆ ಪಾದ ಬಂದದ್ದು

ಮಸ್ಕಿ ಹಳ್ಳ ತುಂಬಿ ಬಂದು ಊರಿನ ಕೆಳಗೇರಿಯನ್ನು ತೊಳೆದುಕೊಂಡು ಹೋದ ವರ್ಷ, ಆಡು ಕಾಯುವ ಯಮನಮ್ಮ ಸೊಂಟ ಬಿದ್ದ ಗಂಡನನ್ನು ಬೆನ್ನಿಗೆ ಹಾಕಿಕೊಂಡು ಎದೆಮಟ್ಟದ ನೀರಿನಲ್ಲಿ ಗುಡ್ಡ ಸೇರಿದ್ದಳು. ಇನ್ನೊಂದು ಸಲ ಅಷ್ಟು ನೀರಿನಲ್ಲಿ ಹೊರುವುದು ತನ್ನಿಂದಾಗದೆಂದು ಅವಳಿಗೆ ಗೊತ್ತಿತ್ತು. ಗಂಡ ಗದ್ದೆಪ್ಪನಾದರೋ ಕೂತಲ್ಲೇ ಉಂಡು ವರ್ಷವರ್ಷಕ್ಕೂ ದಪ್ಪಗಾಗುತ್ತಿದ್ದ.

ನಿಜಾಮರ ಆಳಿಕೆ ಮುಗಿದು ಹೊಸ ಸರ್ಕಾರ ಬಂದಿತ್ತು. ಅದರ ಕಂದಾಯದ ಅಧಿಕಾರಿ ಗಿರ್ದಾವರ ಹಳ್ಳದ ದಂಡೆಯಲ್ಲಿ ಸುಣ್ಣ ಬಳಿದ ಕಲ್ಲು ನೆಡಿಸಿ, ಅದಕ್ಕೊಂದು ಕೆಂಪು ಗೆರೆ ಎಳೆಸಿದ. ನೀರು ಗೆರೆ ಮುಟ್ಟಿದರೆ ಎಲ್ಲರೂ ಗುಡ್ಡ ಹತ್ತಬೇಕೆಂದು ಡಂಗುರ ಹೊಡೆಸಿದ. ಗೆರೆ ಯಮನಮ್ಮನ ಹೊಸ್ತಿಲಿಗಿಂತ ಒಂದು ಮೊಳ ಕೆಳಗಿತ್ತು. ಗಂಡನನ್ನು ಹೊತ್ತು ಹೊರಡಲು ಅಷ್ಟು ಸಾಕಿತ್ತು.

ಮೈಯೆಲ್ಲ ಬಿಳಿ, ಹಣೆಯ ಮೇಲೆ ಕೆಂಪು. ನಮ್ಮ ಜನ ಇಂಥ ಕಲ್ಲನ್ನು ಸುಮ್ಮನೆ ಬಿಟ್ಟಾರೆಯೇ? ಶ್ರಾವಣದ ಹೊತ್ತಿಗೆ ಅದಕ್ಕೆ ವಿಭೂತಿ ಏರಿತು, ಕಾಯಿ ಒಡೆದರು, ಮಕ್ಕಳಿಲ್ಲದವರು ಹರಕೆ ಹೊತ್ತರು. ದೇವರು ಮಣ್ಣಿನಲ್ಲಿ ನಿಲ್ಲಬಾರದೆಂದು ಪೂಜೆಯ ಕರಿಬಸಯ್ಯ ಎದೆಮಟ್ಟದ ಕಟ್ಟೆ ಕಟ್ಟಿಸಿ, ಕಲ್ಲನ್ನು ಕಿತ್ತು ಮೇಲೆ ಕೂರಿಸಿದ. ಈಗ ಕೆಂಪು ಗೆರೆ, ಮನೆಯೊಳಗೆ ಕೂತ ಗದ್ದೆಪ್ಪನ ಮೂಗಿಗೆ ಸಮನಾಯಿತು.

ಯಮನಮ್ಮ ಕರಿಬಸಯ್ಯನ ಹತ್ತಿರ ಹೋದಳು.

“ಅಯ್ಯಾರ, ನಿಮ್ಮ ದೇವರಿಗೆ ನೀರು ಮುಟ್ಟೋದರಾಗ ನಾವಿಬ್ರೂ ತೇಲಿಕೋಂತ ಬಳಗಾನೂರು ದಾಟಿರ್ತೀವಿ.”

“ಕುಂತ ದೇವರನ್ನ ಎಬ್ಬಿಸಾಕ ಬರಂಗಿಲ್ಲ ಬೇ.”

“ಕುಂದರ್ಲಿ ಬಿಡ್ರಿ. ಕಾಲು ಎಲ್ಲಿ ಬಿಟ್ಟಾನ?”

ಕರಿಬಸಯ್ಯ ಕಟ್ಟೆಯನ್ನು ಸುತ್ತಿ ನೋಡಿದ. ಇಷ್ಟು ದಿನ ತಾನು ಬಿದ್ದದ್ದು ಯಾರ ಕಾಲಿಗೆ ಎಂಬ ಚಿಂತೆ ಅವನಿಗೆ ಹತ್ತಿತು.

ಯಮನಮ್ಮ ತಡಮಾಡಲಿಲ್ಲ. ಹೊಸ್ತಿಲಿನಿಂದ ಮೊಳ ಕೆಳಕ್ಕೆ ಮಟ್ಟ ನೋಡಿ, ಕಟ್ಟೆಯ ಮುಂದೆ ಅಷ್ಟೇ ಎತ್ತರಕ್ಕೆ ಒಂದು ಚಪ್ಪಡಿ ಇಟ್ಟು, ಅದರ ಮೇಲೆ ಕೆಮ್ಮಣ್ಣಿನಿಂದ ಎರಡು ಪಾದ ಬರೆದಳು. ಒಂದು ತುಸು ದೊಡ್ಡದಾಯಿತು. ದೇವರು ಬಹಳ ನಡೆದಾನ ಎಂದು ಕರಿಬಸಯ್ಯನೇ ಸಮಾಧಾನ ಹೇಳಿ ಕುಂಕುಮ ಹಚ್ಚಿದ.

ಮರು ಮಳೆಗಾಲದ ಒಂದು ಮುಂಜಾನೆ ಅವನು ಪೂಜೆಗೆ ಬಂದಾಗ ಪಾದಗಳು ನೀರಿನಲ್ಲಿದ್ದವು. ಸರ್ಕಾರದ ಗೆರೆಯಾಗಿದ್ದರೆ ನೋಡೋಣವೆಂದು ನಿಲ್ಲುತ್ತಿದ್ದನೇನೋ. ದೇವರ ಕಾಲು ನೆನೆದಿದ್ದಕ್ಕೆ ಜಾಗಟೆ ಬಡಿಯುತ್ತ ಓಣಿಯೆಲ್ಲ ಓಡಿದ. ಮಲಗಿದ್ದವರು ಎದ್ದರು, ಆಡುಗಳೂ ಹೊರಟವು.

ಯಮನಮ್ಮ ಬರೀ ಕಣಕಾಲು ತೋಯಿಸಿಕೊಂಡು ಗುಡ್ಡ ಹತ್ತಿದಳು. ಕೆಳಗೆ ಅವಳ ಮನೆಯ ಮಣ್ಣಿನ ಗೋಡೆ ಕುಸಿಯುತ್ತಿತ್ತು.

“ಇಷ್ಟು ಅವಸರ ಏನಿತ್ತು? ನನ್ನ ಎಲಿ-ಅಡಿಕಿ ಚೀಲ ಅಲ್ಲೇ ಉಳೀತು,” ಎಂದ ಬೆನ್ನ ಮೇಲಿನ ಗದ್ದೆಪ್ಪ.

“ಹೋಗಿ ತಗೊಂಡು ಬಾ,” ಎಂದು ಯಮನಮ್ಮ ಅವನನ್ನು ಬಂಡೆಯ ಮೇಲೆ ಇಳಿಸಿ, ತನ್ನ ಸೊಂಟ ನೀವಿಕೊಂಡಳು.