ಲಿಫ್ಟಿನ ಮೇಲೆ ನಿಂತ ಗಾಡಿ

ಶಿಗ್ಲಿಯ ದೇವೇಂದ್ರಪ್ಪನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಬೆಟಗೇರಿಯಲ್ಲಿ ನವಾಜನ ಜೊತೆ ಇಪ್ಪತ್ತೆರಡು ವರ್ಷ ಗ್ಯಾರೇಜು ನಡೆಸಿದವನು. ಮೊಣಕಾಲು ಪೂರ್ತಿ ಮಡಚಿ ನೆಲಕ್ಕೆ ಕೂರಲಾಗದಂತಾದ ಮೇಲೆ ಮನೆಯ ಪಡಸಾಲೆಗೆ ಬೈಕು ಎತ್ತುವ ಒಂದು ಲಿಫ್ಟು ತಂದಿಟ್ಟುಕೊಂಡಿದ್ದ. ಪೆಡಲು ತುಳಿದರೆ ಗಾಡಿ ಮೇಲೇರುತ್ತಿತ್ತು. ಬಗ್ಗದೆ, ಸ್ಟೂಲಿನ ಮೇಲೆ ಕೂತೇ ರಿಪೇರಿ ಮಾಡಿಕೊಳ್ಳುತ್ತಿದ್ದ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಬೆಳಿಗ್ಗೆ ಎದ್ದವನೇ ತನ್ನ ಗಾಡಿಯನ್ನು ಲಿಫ್ಟಿಗೇರಿಸಿ, ಪಟ್ಟಿ ಬಿಗಿದು, ಹಿಂದಿನ ಗಾಲಿ ಕಳಚಿದ. ಚೈನು ತೆಗೆದು ಡೀಸೆಲ್ಲಿನಲ್ಲಿ ನೆನೆಹಾಕಿದ. ಅಷ್ಟರಲ್ಲಿ ಹೆಂಡತಿ ನೀಲಗಂಗವ್ವ ವಿಭೂತಿ, ಚೆಂಡು ಹೂವು ತಂದಳು. ನಟ್ಟು ಬಿಚ್ಚುವ ಪಾನಾ, ಪಕ್ಕಡ ಮೊದಲಾದ ರಿಪೇರಿ ಸಾಮಾನುಗಳಿಗೆಲ್ಲ ಪೂಜೆಯಾಯಿತು. ಪೂಜೆಗಿಟ್ಟ ಹತ್ಯಾರಗಳನ್ನು ಮರುದಿನ ದಸರೆಯ ಸಂಜೆ ಊರಿಗೆ ಬನ್ನಿ ಎಲೆ ಬರುವವರೆಗೆ ಆ ಮನೆಯಲ್ಲಿ ಯಾರೂ ಮುಟ್ಟುವಂತಿಲ್ಲ.

ಆ ಮರುದಿನವೇ ಅವನು, ಹಳೆಯ ಮುನಿಸು ಮರೆಯುವ ದಸರೆಯ ಪದ್ಧತಿಯಂತೆ, ನವಾಜನಿಗೆ ಬನ್ನಿ ಕೊಡಲು ಹೋಗಬೇಕಾಗಿತ್ತು. ಎರಡು ವರ್ಷದ ಹಿಂದೆ ಗಾಡಿಯೊಂದರ ಗಾಲಿಯ ನಟ್ಟು ಸಡಿಲವಿತ್ತೆಂದು ಗಿರಾಕಿಯ ಎದುರೇ ನವಾಜನನ್ನು ಬೈದಿದ್ದ. ಆ ಗಾಲಿ ಕೂಡಿಸಿದವನು ತಾನೇ ಎಂಬುದು ಸಂಜೆ ನೆನಪಾಯಿತು; ಹೇಳಲು ಬಾಯಿ ಬರಲಿಲ್ಲ. ಗ್ಯಾರೇಜು ಬಿಟ್ಟು ಊರಿಗೆ ಬಂದುಬಿಟ್ಟ. ಈಗ ನವಾಜ ಮುಂದಿನ ವಾರ ಗ್ಯಾರೇಜು ಮುಚ್ಚಿ ಹುಬ್ಬಳ್ಳಿಯ ಮಗಳ ಮನೆ ಸೇರುವವನಿದ್ದಾನೆಂದು ಖಬರು ಬಂದಿತ್ತು. ಈ ಬನ್ನಿ ತಪ್ಪಿದರೆ ಮತ್ತೆ ಭೇಟಿಯಾಗುವುದೆಲ್ಲಿ?

ಮರುದಿನವೆಲ್ಲ ದೇವೇಂದ್ರಪ್ಪ ಲಿಫ್ಟಿನ ಸುತ್ತ ತಿರುಗಿದ. ಮುಂದಿನ ಗಾಲಿಯನ್ನು ಬೆರಳಿನಿಂದ ತಿರುಗಿಸುವನು, ನಿಲ್ಲಿಸುವನು. ಪಾನಾದತ್ತ ಕೈ ಚಾಚುವನು, ಹಿಂದಕ್ಕೆ ಎಳೆದುಕೊಳ್ಳುವನು. ಗಾಡಿ ಕೂಡಿಸದೆ ಹೋಗುವುದು ಹೇಗೆ ಎಂದು ಹೆಂಡತಿಗೆ ಮೂರು ಸಲ ಹೇಳಿದ.

ನೀಲಗಂಗವ್ವ ಮೊರ ಕೆಳಗಿಟ್ಟಳು. “ಗಾಡಿಗೆ ಏನಾಗಿತ್ರಿ?”

“ಚೈನು ಸಪ್ಪಳ ಮಾಡತಿತ್ತು.”

“ಮೊನ್ನಿ ಅದರ ಮ್ಯಾಲೇ ಲಕ್ಷ್ಮೇಶ್ವರಕ್ಕ ಹೋಗಿ ಬಂದೇವಿ. ನನಗೇನೂ ಕೇಳಲಿಲ್ಲ. ಪೂಜಿ ದಿನಾನ ಯಾಕ ಬಿಚ್ಚೀರಿ ಅನ್ನೋದು ನನಗ ತಿಳೀತೈತಿ. ಬಸ್ಸಿಗೆ ಪಾನಾ ಬೇಕಾಗಂಗಿಲ್ಲ.”

ಸಂಜೆ ಊರ ಮುಂದೆ ಬನ್ನಿ ಬಂದದ್ದೇ ದೇವೇಂದ್ರಪ್ಪ ಒಂದು ಹಿಡಿ ಎಲೆ ಜೇಬಿಗಿಳಿಸಿ ಬಸ್ಸು ಹತ್ತಿದ. ಸೀಟು ಸಿಕ್ಕರೂ ಕೂರಲಿಲ್ಲ.

ಬೆಟಗೇರಿಯಲ್ಲಿ ನವಾಜ ಮನೆಯ ಕಟ್ಟೆಯ ಮೇಲಿದ್ದ. ದೇವೇಂದ್ರಪ್ಪ ಎಲೆ ಮುಂದೆ ಹಿಡಿದು ನಿಂತೇ ಹೇಳಿದ: “ಆ ನಟ್ಟು ಬಿಗೀಲಾರದಂವ ನಾ ಇದ್ದೆ, ನವಾಜ.”

“ಆವತ್ತ ಗೊತ್ತಿತ್ತು. ನೀನ ಬಂದು ಹೇಳತಿ ಅಂತ ಕಾದೆ.” ನವಾಜ ಎಲೆ ತೆಗೆದುಕೊಂಡು, ಹಣೆಗೊತ್ತಿ, ರಸ್ತೆಯತ್ತ ಕಣ್ಣಾಡಿಸಿದ. “ಗಾಡಿ ಎಲ್ಲೈತಿ?”

“ಲಿಫ್ಟಿನ ಮ್ಯಾಲೈತಿ.”

“ಏನಾಗೇತಿ?”

“ಏನೂ ಆಗಿಲ್ಲ.”

ನವಾಜ ಅವನನ್ನೇ ನೋಡಿದ. ಆಮೇಲೆ ನಗು ತಡೆಯಲಾಗದೆ, ಒಳಗಿದ್ದ ಹೆಂಡತಿ ಬೀಬಿಜಾನಳಿಗೆ ಎರಡು ಕಪ್ ಚಹಾ ಇಡಲು ಕೂಗಿ ಹೇಳಿದ.