ಭತ್ತದಲ್ಲಿ ಇರದ ನುಸಿ

ಕಂಪ್ಲಿಯ ರೈಸ್ ಮಿಲ್ಲೊಂದರಲ್ಲಿ ಭತ್ತ ನೋಡಿ ತೆಗೆದುಕೊಳ್ಳುವುದು ನನ್ನ ಕೆಲಸ. ಹಿಡಿ ಭತ್ತವನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಉಳಿದ ಅಕ್ಕಿಯನ್ನು ಬೆಳಕಿಗೆ ಹಿಡಿಯುತ್ತೇನೆ. ಆ ದಿನ ಅಕ್ಕಿಯ ಮೇಲೆ ನುಸಿ ಓಡಾಡಿದವು.

ಭತ್ತ ಬುಕ್ಕಸಾಗರದ ಹನುಮಕ್ಕನದು. ತಾನೇ ಗದ್ದೆ ಮಾಡುವ ಹೆಂಗಸು.

"ನುಸಿ ಬಿದ್ದೈತಿ, ವಾಪಸ್ ಒಯ್ಯವ್ವ," ಎಂದೆ.

"ಮೊನ್ನಿ ಕೊಯ್ದ ಭತ್ತಕ್ಕ ನುಸಿ ಎಲ್ಲಿಂದ ಬರ್ತಾವ್ರಿ ಯಜಮಾನ್ರ?"

"ಹಳೇ ಭತ್ತ ಬೆರೆಸ್ಕಂಡು ಬಂದ್ರ ಬರ್ತಾವ."

ಸುತ್ತಲಿದ್ದವರು ನಕ್ಕರು. ಹಮಾಲನೊಬ್ಬ ಬಗ್ಗಿ ನೋಡಿ, "ನನಗೇನೂ ಕಾಣವಲ್ದು," ಎಂದ.

"ನಿನಗ ಕಂಡಿದ್ರ ನೀ ಯಾಕ ಚೀಲ ಹೊರ್ತಿದ್ದಿ ಲೇ?" ಎಂದು ಅವನ ಬಾಯಿ ಮುಚ್ಚಿಸಿದೆ. ಹನುಮಕ್ಕ ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದಳು.

ಮರುದಿನ ಮೊಸರನ್ನದ ಮೇಲೂ ನುಸಿ ಓಡಾಡಿದವು.

ಸುಣ್ಣದ ಗೋಡೆಯ ಮೇಲೂ.

ಎಡಗಣ್ಣು ಮುಚ್ಚಿದೆ. ಹೋದವು. ತೆರೆದೆ. ಬಂದವು. ನನಗೆ ಆಗಲೇ ತಿಳಿಯಿತು. ಆದರೂ ಬಾಯಿ ಬಿಡಲಿಲ್ಲ. ಕಣ್ಣು ಕೆಟ್ಟಿದೆ ಎಂದರೆ ಕೆಲಸವೂ ಹೋಗುತ್ತಿತ್ತು, ಒಬ್ಬ ಹೆಂಗಸನ್ನು ನಾಲ್ಕು ಜನರೆದುರು ಕಳ್ಳಿ ಮಾಡಿದ್ದೂ ಬಯಲಾಗುತ್ತಿತ್ತು. ನಾಲ್ಕು ದಿನ ಬಲಗಣ್ಣಿನಲ್ಲೇ ಭತ್ತ ನೋಡಿದೆ. ಎಡಗಣ್ಣಿನ ಅಂಚಿನಲ್ಲಿ ಆಗಾಗ ಮಿಂಚು. ಐದನೆಯ ದಿನ ಕೆಳಗಿನಿಂದ ಕಪ್ಪು ಪರದೆ ಏರತೊಡಗಿತು.

ಮಗಳು ಗಿರಿಜಾ ಹೊಸಪೇಟೆಯ ಕಣ್ಣಾಸ್ಪತ್ರೆಗೆ ಕರೆದೊಯ್ದಳು. ಡ್ರಾಪ್ಸ್ ಹಾಕಿ ಕೂರಿಸಿದರು. ಕಣ್ಣಿನ ಒಳಪದರದ ಓಸಿಟಿ ಸ್ಕ್ಯಾನ್ ಮಾಡಿದರು. ಕಂಪ್ಯೂಟರ್ ಪರದೆಯ ಮೇಲೆ ಆ ಪದರ, ನನ್ನ ರೆಟಿನಾ, ಗೋಡೆ ಬಿಟ್ಟು ಉಬ್ಬಿದ ಗಿಲಾವಿನ ಹಾಗಿತ್ತು.

"ರೆಟಿನಾ ಹರಿದು ಕಳಚ್ತಾ ಇದೆ," ಎಂದರು ಡಾಕ್ಟರಮ್ಮ. "ನೇರ ನೋಟ ಕೊಡೋ ನಡುವಿನ ಭಾಗ, ಮ್ಯಾಕುಲಾ, ಇನ್ನೂ ಅಂಟಿಕೊಂಡಿದೆ. ಅದೂ ಬಿಡೋದ್ರೊಳಗೆ ಆಪರೇಷನ್ ಆಗಬೇಕು. ಕಪ್ಪು ಚುಕ್ಕೆ ಯಾವಾಗಿಂದ ಕಾಣಿಸ್ತಿದ್ವು?"

"ನಿನ್ನಿಯಿಂದ್ರಿ."

ಗಿರಿಜಾ ನನ್ನ ಕೈ ಹಿಡಿದಳು. "ಖರೇ ಹೇಳಪ್ಪಾ."

"ಐದು ದಿನ ಆತ್ರಿ."

"ಮೊದಲ ದಿನವೇ ಬಂದಿದ್ರೆ ಬಹುಶಃ ಲೇಸರ್‌ನಲ್ಲೇ ಮುಗೀತಿತ್ತು."

ಮರುದಿನ ವಿಟ್ರೆಕ್ಟಮಿ ಆಪರೇಷನ್ ಮಾಡಿ, ಕಣ್ಣೊಳಗಿನ ಲೋಳೆ ತೆಗೆದು ಗ್ಯಾಸ್ ತುಂಬಿದರು. ಅದು ರೆಟಿನಾವನ್ನು ಒತ್ತಿ ಹಿಡಿಯಬೇಕು. ಅದಕ್ಕೆ ಒಂದು ವಾರ ಮುಖ ಕೆಳಗೆ ಮಾಡಿಯೇ ಇರಬೇಕು. ಕತ್ತು ಕಲ್ಲಾಯಿತು. ಕಣ್ಣು ಉಳಿಯುತ್ತದೋ ಇಲ್ಲವೋ ಎಂಬ ಅಂಜಿಕೆ ಒಂದು ಕಡೆ. ಉಳಿದರೆ ಯಾವ ಮುಖ ಹೊತ್ತು ಹನುಮಕ್ಕನನ್ನು ನೋಡಲಿ ಎಂಬುದು ಇನ್ನೊಂದು ಕಡೆ. ಮೂರನೆಯ ದಿನ, ನೆಲ ನೋಡುತ್ತಲೇ ಗಿರಿಜಾಳಿಗೆ ಎಲ್ಲ ಹೇಳಿಬಿಟ್ಟೆ.

"ನನಗ ಯಾಕ ಹೇಳ್ತಿ?" ಎಂದಳು. "ಆಕಿಗೆ ಹೇಳು."

ಓಡಾಡಬಹುದು ಎಂದು ಡಾಕ್ಟರಮ್ಮ ಹೇಳಿದ ಮೇಲೆ ಬುಕ್ಕಸಾಗರಕ್ಕೆ ಹೋದೆ. ಹನುಮಕ್ಕ ಸೆಗಣಿ ಬಾಚುತ್ತಿದ್ದಳು. ಕೈ ಮುಗಿದೆ, ನಡೆದದ್ದು ಹೇಳಿದೆ. ಅವಳು ನನ್ನ ಕೆಂಪು ಕಣ್ಣನ್ನೇ ನೋಡಿದಳು.

"ಇಲ್ಲಿ ಯಾರದಾರ್ರಿ ಕೇಳಾಕ? ಎರಡು ಎಮ್ಮಿ ಅದಾವ. ನೀವು ಅಂದಿದ್ದು ಮಿಲ್ಲಿನಾಗ. ಅಲ್ಲೇ ಹೇಳ್ರಿ."

ಎಡಗಣ್ಣಿಗೆ ಬಾಗಿಲ ಚೌಕಟ್ಟು ಇನ್ನೂ ಸೊಟ್ಟ ಕಾಣುತ್ತದೆ. ಬಲಗಣ್ಣಿನ ಮೇಲೂ ನಿಗಾ ಇರಲಿ ಎಂದಿದ್ದಾರೆ. ಬೆಳಿಗ್ಗೆ ಏಳುವಾಗ ಒಂದೊಂದೇ ಕಣ್ಣು ಮುಚ್ಚಿ ನೋಡುತ್ತೇನೆ. ಕಾಣುತ್ತಿದೆ. ಇಷ್ಟಾದರೂ ಉಳಿಯಿತಲ್ಲ.

ಸೋಮವಾರ ಮಿಲ್ಲಿಗೆ ಹೋದೆ. ಹೇಳಿ ಕಳಿಸಿದ್ದೆ, ಹನುಮಕ್ಕನೂ ಬಂದಳು. ಮಿಲ್ಲಿನ ಅಂಗಳದಲ್ಲಿ, ತೂಕಕ್ಕೆ ನಿಂತ ರೈತರು, ಹಮಾಲರು, ಮಾಲೀಕರ ಎದುರು ಹೇಳಿದೆ: "ಈಕಿ ಭತ್ತ ಚಲೋ ಇತ್ತು. ಕೆಟ್ಟಿದ್ದು ನನ್ನ ಕಣ್ಣು. ಗೊತ್ತಾದ ಮ್ಯಾಲೂ ಸುಮ್ನಿದ್ದೆ."

ಎಡಗಣ್ಣಿಗೆ ಬಿಸಿಲು ಚುಚ್ಚಿತು. ಅಂಗೈ ಅಡ್ಡ ಹಿಡಿದೆ.

"ಆತು ಬಿಡ್ರಿ," ಎಂದಳು ಹನುಮಕ್ಕ. "ಬಿಸಿಲಾಗ ನಿಂದ್ರಬ್ಯಾಡ್ರಿ. ನೆಳ್ಳಿಗೆ ಬರ್ರಿ."

ಹೋಗಿ ನಿಂತೆ.