ತೊಂಬತ್ತೊಂಬತ್ತು ಕೆ.ಜಿ. ರಾಗಿ

ಭಾರತಮ್ಮ ಹತ್ತೊಂಬತ್ತು ವರ್ಷ ಮುಳಬಾಗಿಲಿನ ಹೊಲಗಳಲ್ಲಿ ಬೆಳೆಯ ಅಂದಾಜಿಗೆಂದು ಐದು ಮೀಟರಿನ ಚೌಕ ಅಳೆದು, ಹಗ್ಗ ಕಟ್ಟಿಸಿ, ಅದರೊಳಗಿನ ರಾಗಿ ಕೊಯ್ಯಿಸಿ ತೂಕ ಬರೆದುಕೊಂಡವರು. 1988ರಲ್ಲಿ ಕೋಲಾರದ ಕಚೇರಿಗೆ ಕಂಪ್ಯೂಟರ್ ಬಂತು. ಅಂಕಿಅಂಶ ತೆಗೆಯುವ ಸಾಫ್ಟ್‌ವೇರ್ ಕಲಿಯಲು ಅವರನ್ನೇ ಕರೆದರು.

"ವಾರದಲ್ಲಿ ಕಲೀದಿದ್ರೆ ಎತ್ತಿ ಎಲ್ಲಿಗೋ ಹಾಕ್ತಾರಂತೆ ಕಣಮ್ಮ" ಎಂದು ಗುಮಾಸ್ತ ಶ್ರೀನಿವಾಸಪ್ಪ ಹೇಳಿದಂದಿನಿಂದ ಅವರಿಗೆ ಊಟ ಸೇರಲಿಲ್ಲ.

ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಇಟ್ಟ ತಣ್ಣನೆಯ ಕೋಣೆಗೆ ಹೋಗಬೇಕು. ಕಲಿಸಲು ಬೆಂಗಳೂರಿನಿಂದ ಬಂದ ಕೋದಂಡರಾಮಪ್ಪ, ಒತ್ತುವ ಪ್ರತಿ ಆಜ್ಞೆಯ ಕೊನೆಗೂ ಚುಕ್ಕಿ ಇಡಬೇಕೆಂದಿದ್ದರು. ಭಾರತಮ್ಮ ಮೊದಲ ದಿನವೇ ಮರೆತರು. ಪರದೆ ಸುಮ್ಮನೆ ಕೂತಿತು. "ಅಯ್ಯೋ ದೇವುಡಾ, ಕೆಟ್ಟೋಯ್ತು!" ಎಂದು ಆ ಚಳಿಯಲ್ಲೂ ಬೆವೆತರು.

ಕೊನೆಯ ದಿನ ಮೂರು ಗಂಟೆಗೆ ಕಚೇರಿಯ ದೊಡ್ಡ ಸಾಹೇಬರು ವರದಿ ನೋಡಲು ಬರುವವರಿದ್ದರು. ನಲವತ್ತು ಹೊಲಗಳ ತೂಕ ಭಾರತಮ್ಮನೇ ಒತ್ತಿದ್ದರು. ಸರಾಸರಿ ಬಂತು: ಚೌಕಕ್ಕೆ ಹನ್ನೊಂದೂವರೆ ಕೆ.ಜಿ.

"ಇದು ಬಲು ಜಾಸ್ತಿ ಆಯ್ತು ಸಾರ್" ಎಂದರು ಭಾರತಮ್ಮ. ಮಳೆ ನಂಬಿದ ಆ ಹೊಲಗಳಲ್ಲಿ ಆರು ಕೆ.ಜಿ. ದಾಟಿದ್ದನ್ನು ಅವರು ಕಂಡೇ ಇರಲಿಲ್ಲ.

"ಮಿಷಿನ್ ತಪ್ಪು ಮಾಡಲ್ಲಮ್ಮ, ಪ್ರಿಂಟ್ ತೆಗೀರಿ" ಎಂದರು ಕೋದಂಡರಾಮಪ್ಪ.

ಭಾರತಮ್ಮ ಹೊಲದ ತೂಕ ಬರೆದಿದ್ದ ಪುಸ್ತಕ ಹಿಡಿದು ವರಾಂಡದಲ್ಲಿ ಕೂತು, ಕೈಯಲ್ಲೇ ಕೂಡಿದರು. ಸರಾಸರಿ ನಾಲ್ಕೂವರೆ ಕೆ.ಜಿ. ಬಂತು. ಮತ್ತೆ ಕೂಡಿದರು, ಅದೇ. ಆಗ ಪುಸ್ತಕದ ಮೂರು ಖಾಲಿ ಸಾಲು ಕಣ್ಣಿಗೆ ಬಿದ್ದವು. ಆ ಹೊಲಗಳಲ್ಲಿ ಅಳೆಯುವ ಮೊದಲೇ ಕೊಯ್ಲಾಗಿತ್ತು. ತೂಕ ಸಿಗದ ಕಡೆ ಗುರುತಿಗೆ ತೊಂಬತ್ತೊಂಬತ್ತು ಒತ್ತಿರೆಂದು ಕೋದಂಡರಾಮಪ್ಪ ಹೇಳಿಕೊಟ್ಟಿದ್ದರು, ಭಾರತಮ್ಮ ಹಾಗೇ ಒತ್ತಿದ್ದರು.

ಹೇಳಿದರೆ ಒತ್ತಿದವಳ ತಪ್ಪೆಂದಾರು. ಹೇಳದಿದ್ದರೆ ಇಲ್ಲದ ಬೆಳೆ ಕಾಗದದ ಮೇಲೆ ಇದ್ದೇಬಿಡುತ್ತದೆ. ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಪುಸ್ತಕ ಹಿಡಿದೇ ಒಳಗೆ ಹೋದರು.

"ಸಾರ್, ಮೂರು ಹೊಲದಾಗೆ ನಾವು ತೂಕಾನೇ ಮಾಡಿಲ್ಲ. ಇದು ತೊಂಬತ್ತೊಂಬತ್ತು ಕೆ.ಜಿ. ರಾಗಿ ಅಂತ ತಗೊಂಡೈತೆ."

ಕೋದಂಡರಾಮಪ್ಪ ಪುಸ್ತಕ ನೋಡಿದರು, ಪರದೆ ನೋಡಿದರು. ಮುಖ ಸಣ್ಣದಾಯಿತು. "ಅದನ್ನ ಲೆಕ್ಕಕ್ಕೆ ತಗೋಬೇಡ ಅಂತ ಒಂದು ಸಾಲು ಬರೀಬೇಕಿತ್ತಮ್ಮ. ನಾನೇ ಹೇಳಿಕೊಡಲಿಲ್ಲ."

ಆ ಸಾಲು ಒತ್ತುವಾಗ ಬೆರಳು ಎರಡು ಸಲ ತಪ್ಪಿತು. ಮೂರನೆಯ ಸಲ ನಾಲ್ಕೂವರೆ ಕೆ.ಜಿ. ಬಂತು. ಕಾಗದ ಕರಕರನೆ ಹೊರಬರುತ್ತಿದ್ದಂತೆ ಹೊರಗೆ ಜೀಪು ನಿಂತ ಸದ್ದಾಯಿತು.

ಸಾಹೇಬರು ಒಂದೇ ನಿಮಿಷ ನೋಡಿ ಸಹಿ ಹಾಕಿದರು. ನಡೆದದ್ದನ್ನೆಲ್ಲ ಕೋದಂಡರಾಮಪ್ಪನವರೇ ಹೇಳಿದಾಗ, "ಹಾಗಾದ್ರೆ ಈಯಮ್ಮನೇ ಇಲ್ಲಿರಲಿ" ಎಂದರು.

ಭಾರತಮ್ಮನಿಗೆ ಖುಷಿಗಿಂತ ಸೋಮವಾರದ್ದೇ ಯೋಚನೆಯಾಯಿತು. ಶ್ರೀನಿವಾಸಪುರದ ನೂರಿಪ್ಪತ್ತು ಹೊಲಗಳ ಲೆಕ್ಕ ಬರುವುದಿತ್ತು, ಕಲಿಸುವವರು ಊರಿಗೆ ಹೊರಟಿದ್ದರು.